ಮನೆಯೊಳಗಿನ ಕಾನೂನು ಎಲ್ಲಿ ಬದಲಾಗಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಮದುವೆ, ಆಸ್ತಿ, ಜೀವನಾಂಶ, ಬಸಿರುಗಳಂಥ ವಿಷಯಗಳಲ್ಲಿ ಸಮಾಜ ಎರಡು ಪಾಲಾಗಿರುವಾಗ ಕಾನೂನನ್ನು ನ್ಯಾಯಾಲಯದ ತೀರ್ಪಿನಿಂದ ಬದಲಿಸುವುದಕ್ಕಿಂತ ಶಾಸನಸಭೆಯಲ್ಲಿ ಮಸೂದೆ ತಂದು ಬದಲಿಸುವುದೇ ಲೇಸು ಎಂದು ಹಿಂದಿನ ಸಂಚಿಕೆಯ ಅಂಕಣದಲ್ಲಿ ಬರೆದಿದ್ದೆ. ಅದನ್ನು ಒಪ್ಪಿದವರಿಗಿಂತ ಒಪ್ಪದವರ ಪತ್ರಗಳೇ ಹೆಚ್ಚು ಬಂದಿವೆ. ಅವುಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮದುವೆ 1992ರಲ್ಲಿ ಆಯಿತು, ತಂಗಿಯದು 1996ರಲ್ಲಿ. ಅಪ್ಪನಿಗೆ ಅಜ್ಜನಿಂದ ಬಂದ ಆರು ಎಕರೆ ಜಮೀನಿದೆ, ಇನ್ನೂ ಪಾಲಾಗಿಲ್ಲ. ‘ತಂಗಿಗೆ ಕಾನೂನಿನ ಪ್ರಕಾರ ಪಾಲುಂಟು, ನಿನಗಿಲ್ಲ’ ಎಂದು ಅಣ್ಣಂದಿರು ಹೇಳುತ್ತಲೇ ಬಂದರು. ಈಗ ನನಗೂ ಉಂಟೆನ್ನುತ್ತಾರೆ. ಒಂದೇ ತಾಯಿಯ ಮಕ್ಕಳಿಗೆ ಎರಡು ಕಾನೂನು ಮಾಡಿದ ಶಾಸನಸಭೆಯನ್ನು ನೀವು ಹೇಗೆ ಸಮರ್ಥಿಸುತ್ತೀರಿ?
– ದಾವಣಗೆರೆ ಜಿಲ್ಲೆಯ ಓದುಗರು

ಉತ್ತರ: ಮೊದಲು ನಿಮ್ಮ ಹಕ್ಕಿನ ಮಾತು. ಆ ಜಮೀನು 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪಾಲುಪತ್ರದ ಮೂಲಕವಾಗಲಿ, ಕೋರ್ಟಿನ ಡಿಕ್ರಿಯ ಮೂಲಕವಾಗಲಿ ವಿಭಾಗವಾಗಿರದಿದ್ದರೆ ಅದರಲ್ಲಿ ನಿಮಗೆ ಅಣ್ಣಂದಿರಷ್ಟೇ, ತಂಗಿಯಷ್ಟೇ ಪಾಲಿದೆ. ಅಣ್ಣಂದಿರು 1994ರಿಂದ 2005ರವರೆಗೆ ಹೇಳಿದ್ದು ಕಾನೂನಿಗೆ ಸರಿಯಾಗಿತ್ತು, ಆಮೇಲೆ ಹೇಳಿದ್ದು ತಪ್ಪು.

ಹೀಗೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಗಂಡುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಮಿತಾಕ್ಷರ ಪದ್ಧತಿ ರೂಪುಗೊಂಡದ್ದು ನಮ್ಮ ನೆಲದಲ್ಲಿಯೇ; ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಬರೆದ ವ್ಯಾಖ್ಯಾನ ಒಂಬೈನೂರು ವರ್ಷ ಭಾರತದ ಬಹುಭಾಗದ ಹಿಂದೂ ಮನೆಗಳನ್ನು ಆಳಿತು. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು, ವಿಧವೆಯರಿಗೂ ತಾಯಂದಿರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ವಿಭಾಗದ ಕಾಲದಲ್ಲಿ ಒಂದಿಷ್ಟು ಪಾಲು ಕೊಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆ ಸತ್ತ ಮೇಲೆ ಅವನ ಪಾಲಿನೊಳಗೆ ಮಗಳಿಗೂ ಅಂಶ ಕೊಟ್ಟಿತು. ಹುಟ್ಟಿನ ಹಕ್ಕನ್ನು ಮಾತ್ರ ಗಂಡುಮಕ್ಕಳಿಗೇ ಉಳಿಸಿತು. ಆ ಕೊರತೆಯನ್ನು ಮೊದಲು ತುಂಬಲು ಹೊರಟವು ರಾಜ್ಯಗಳು. ಕೇರಳ 1975ರಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡಿತು. ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರಗಳು ಒಂದರ ಹಿಂದೊಂದು ಮಗಳನ್ನು ಸಹದಾಯಾದಿಯಾಗಿ, ಅಂದರೆ ಹುಟ್ಟಿನಿಂದಲೇ ಪಾಲುದಾರಳಾಗಿ, ಮಾಡಿದವು. ಕರ್ನಾಟಕದ ತಿದ್ದುಪಡಿ 1990ರದೇ ಆದರೂ ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೆ ಬಂದದ್ದು 1994ರ ಜುಲೈ 30ರಂದು, ಮತ್ತು ಆ ದಿನಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಇದು ಅನ್ವಯಿಸದು ಎಂಬ ಒಂದು ಸಾಲು ಅದರಲ್ಲಿತ್ತು. ನಿಮ್ಮನ್ನೂ ನಿಮ್ಮ ತಂಗಿಯನ್ನೂ ಬೇರೆ ಮಾಡಿದ್ದು ಆ ಒಂದು ಸಾಲು.

ಅದು ಅನ್ಯಾಯದ ಸಾಲು. ಅದನ್ನು ನಾನು ಸಮರ್ಥಿಸಲಾರೆ. ಮದುವೆಯಾಗಿ ಹೋದವಳಿಗೆ ಪಾಲು ಕೊಟ್ಟರೆ ಅಳಿಯಂದಿರು ಬಂದು ಹೊಲದಲ್ಲಿ ನಿಲ್ಲುತ್ತಾರೆ ಎಂಬ ಭಯಕ್ಕೆ ಶಾಸಕರು ಕೊಟ್ಟ ಬೆಲೆ ಅದೆಂದು ನಾನು ತಿಳಿದಿದ್ದೇನೆ. ಆದರೆ ಮುಂದೇನಾಯಿತೆಂಬುದನ್ನೂ ನೋಡಿ. ರಾಜ್ಯಗಳ ಈ ಕಾಯ್ದೆಗಳ ಅನುಭವವನ್ನು ಕೇಂದ್ರ ಕಾನೂನು ಆಯೋಗ 2000ನೆಯ ಇಸವಿಯ ತನ್ನ 174ನೆಯ ವರದಿಯಲ್ಲಿ ಪರಿಶೀಲಿಸಿತು. ಸಂಸತ್ತಿನ ಸ್ಥಾಯಿ ಸಮಿತಿ ಸಾಕ್ಷ್ಯ ಕೇಳಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. ಕೃಷಿಭೂಮಿಯ ವಿಷಯದಲ್ಲಿ ರಾಜ್ಯಗಳ ಭೂಕಾನೂನಿಗೇ ಮೇಲುಗೈ ಕೊಡುತ್ತಿದ್ದ ಉಪಕಲಮೂ ಹೋಯಿತು. ವಾಸದ ಮನೆಯನ್ನು ಪಾಲು ಮಾಡಿಕೊಡಿ ಎಂದು ಮಗಳು ಕೇಳುವಂತಿಲ್ಲವೆಂಬ 23ನೆಯ ಕಲಮೂ ಅದರ ಜೊತೆಗೇ ಹೋಯಿತು. ಸಂಸತ್ತು ಒಂದು ಮಾತನ್ನು ಸ್ಪಷ್ಟವಾಗಿ ಬರೆಯದೆ ಬಿಟ್ಟಿತ್ತು: ಕಾಯ್ದೆ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೇ, ಬೇಡವೇ? ಬೆಳಗಾವಿಯ ನ್ಯಾಯಾಲಯದಲ್ಲಿ 1992ರಲ್ಲಿ ಹೂಡಿದ ದಾವೆಯೊಂದು ದೆಹಲಿ ತಲುಪಿದಾಗ, ತಂದೆ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಹಕ್ಕು ಹುಟ್ಟಿನಿಂದಲೇ ಬರುವುದರಿಂದ ತಂದೆ ಬದುಕಿರಬೇಕಾಗಿಲ್ಲ ಎಂದು ಆ ಗೊಂದಲವನ್ನು ಕೊನೆಗಾಣಿಸಿತು. ಒಂದು ಸಾಲಿನ ಅಸ್ಪಷ್ಟತೆಗೆ ಹೆಣ್ಣುಮಕ್ಕಳು ಹದಿನೈದು ವರ್ಷ ಕೋರ್ಟು ಅಲೆದರು.

ಇಷ್ಟಾದರೂ ಈ ಮಾರ್ಗವನ್ನು ನಾನೇಕೆ ನೆಚ್ಚುತ್ತೇನೆಂಬುದನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ದೃಶ್ಯದಿಂದ ಹೇಳುತ್ತೇನೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಅಕ್ಕತಂಗಿಯರು ಬೆಂಚಿನ ಮೇಲೆ ಕುಳಿತಿರುತ್ತಾರೆ. ‘ನನ್ನ ಮದುವೆ ಕಾಲಕ್ಕೆ ಬಂಗಾರ, ಬಟ್ಟೆಬರೆ ಹಾಗೂ ಅರಿಸಿನ ಕುಂಕುಮದ ಬಾಬ್ತು ಸಾಕಷ್ಟು ಕೊಟ್ಟಿರುವುದರಿಂದ ಸದರಿ ಸ್ವತ್ತಿನಲ್ಲಿ ನನಗಿರುವ ಹಕ್ಕನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿರುತ್ತೇನೆ’ ಎಂದು ಪತ್ರ ಬರೆಯುವವರು ಓದಿ ಹೇಳುತ್ತಾರೆ, ಅವರು ತಲೆ ಅಲ್ಲಾಡಿಸಿ ಹೆಬ್ಬೆಟ್ಟು ಒತ್ತುತ್ತಾರೆ. ಅದನ್ನು ನೋಡುವಾಗ ಸಂಕಟವಾಗುತ್ತದೆ. ಆದರೆ 1994ಕ್ಕೆ ಮುಂಚೆ ಪಿತ್ರಾರ್ಜಿತ ಸ್ವತ್ತಿನ ಹುಟ್ಟುಹಕ್ಕನ್ನು ಅವಳು ಬಿಟ್ಟುಕೊಡಬೇಕಾದ ಪ್ರಮೇಯವೇ ಇರಲಿಲ್ಲ. ಇಂದು ಅಣ್ಣ ಅವಳ ಮನೆಗೆ ಬಂದು, ಕುಳಿತು, ಕೇಳಬೇಕಾಗಿದೆ. ಕೇಳಿಸಿಕೊಂಡವಳು ಒಮ್ಮೊಮ್ಮೆ ‘ಯೋಚನೆ ಮಾಡಿ ಹೇಳ್ತೀನಿ’ ಎನ್ನುತ್ತಾಳೆ. ವಕೀಲರಿಂದ, ಗ್ರಾಮ ಲೆಕ್ಕಿಗರಿಂದ, ಸಾಲ ಕೊಡುವ ಬ್ಯಾಂಕಿನಿಂದ ಈ ಕಾನೂನು ಊರೂರಿಗೆ ತಿಳಿದು ಹೋಗಿದೆ. ನೀವು ಸಹಿ ಹಾಕುವ ಮುನ್ನ ಪಹಣಿಯ ಮತ್ತು ಹಳೆಯ ಪಾಲುಪಟ್ಟಿಗಳ ನಕಲು ತೆಗೆಸಿ ನೋಡಿ.

ಪ್ರಶ್ನೆ: ಒಂದು ಪದ್ಧತಿ ಅನ್ಯಾಯವೆಂದು ಗೊತ್ತಾದ ಮೇಲೆ ಐವತ್ತು ವರ್ಷ ಮಸೂದೆಗಾಗಿ ಕಾಯುವುದೇಕೆ? ಸುಪ್ರೀಂ ಕೋರ್ಟು ಒಂದೇ ದಿನದಲ್ಲಿ ಅದನ್ನು ಹೊಡೆದುಹಾಕಬಹುದಲ್ಲ?
– ಶಿವಮೊಗ್ಗದ ನಿವೃತ್ತ ಶಿಕ್ಷಕರು

ಉತ್ತರ: ಹೊಡೆದುಹಾಕುವುದು ಅಷ್ಟು ಸುಲಭವಲ್ಲ. ಮುಂಬಯಿ ರಾಜ್ಯ 1946ರಲ್ಲಿ ಹಿಂದೂಗಳ ಬಹುಪತ್ನಿತ್ವವನ್ನು ನಿಷೇಧಿಸಿದ್ದನ್ನು ಪ್ರಶ್ನಿಸಿದ ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ, 1951ರಲ್ಲಿ, ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಛಾಗ್ಲಾ ಮತ್ತು ಗಜೇಂದ್ರಗಡಕರ್ ಎರಡು ಮಾತು ಹೇಳಿದರು. ಸಂವಿಧಾನದ 13ನೆಯ ವಿಧಿಯಲ್ಲಿ ಬರುವ ‘ಕಾನೂನು’ ಎಂಬ ಪದದೊಳಗೆ ವೈಯಕ್ತಿಕ ಕಾನೂನು, ಅಂದರೆ ಮದುವೆ, ಆಸ್ತಿಗಳ ಬಗ್ಗೆ ಆಯಾ ಧರ್ಮದವರಿಗಿರುವ ಕಾನೂನು, ಬರುವುದಿಲ್ಲ, ಆದ್ದರಿಂದ ಮೂಲಭೂತ ಹಕ್ಕಿನ ಒರೆಗಲ್ಲಿಗೆ ಹಚ್ಚಿ ಅದನ್ನು ರದ್ದುಪಡಿಸಲಾಗದು. ಆದರೆ ಶಾಸನಸಭೆ ಅದನ್ನು ತಿದ್ದುವುದಾದರೆ ತಿದ್ದಬಹುದು. ಈ ತೀರ್ಪಿನ ಮೊದಲ ಭಾಗದ ಬಗ್ಗೆ ಇಂದಿಗೂ ವಾದವಿದೆ. ಎರಡನೆಯ ಭಾಗಕ್ಕೆ ಸಂವಿಧಾನದಲ್ಲಿಯೇ ನೆಲೆಯಿದೆ: ಧರ್ಮಸ್ವಾತಂತ್ರ್ಯವನ್ನು ಕೊಡುವ 25ನೆಯ ವಿಧಿಯೇ, ಸಮಾಜ ಕಲ್ಯಾಣಕ್ಕೂ ಸುಧಾರಣೆಗೂ ಕಾನೂನು ಮಾಡಲು ಆ ಸ್ವಾತಂತ್ರ್ಯ ಅಡ್ಡಿಯಾಗದು ಎನ್ನುತ್ತದೆ.

ಅಧಿಕಾರದ ಮಾತು ಒಂದು, ಕೆಲಸದ ಮಾತು ಇನ್ನೊಂದು. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಗ್ರಾಮಮಟ್ಟದ ಕಾರ್ಯಕರ್ತೆಯೊಬ್ಬರ ಮೇಲೆ ನಡೆದ ಸಾಮೂಹಿಕ ಅತ್ಯಾಚಾರದ ಹಿನ್ನೆಲೆಯಲ್ಲಿ, ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳದ ಬಗ್ಗೆ ಕಾನೂನೇ ಇಲ್ಲವಲ್ಲ ಎಂದು ಕೇಳಲಾದ ವಿಶಾಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ತಾನೇ ಮಾರ್ಗಸೂಚಿ ಬರೆಯಿತು. ಆ ತೀರ್ಪು ಬರದಿದ್ದರೆ ಮುಂದಿನ ಕಾನೂನೂ ಬರುತ್ತಿರಲಿಲ್ಲ. ಅದಕ್ಕೆ ನಾನು ಋಣಿ. ಆದರೆ ಹದಿನಾರು ವರ್ಷ ಆ ಮಾರ್ಗಸೂಚಿ ಬಹುತೇಕ ಕಚೇರಿಗಳಲ್ಲಿ ಕಾಗದವಾಗಿಯೇ ಉಳಿಯಿತು, ಏಕೆಂದರೆ ಸಮಿತಿ ರಚಿಸದ ಮಾಲೀಕನಿಗೆ ಏನು ಶಿಕ್ಷೆ, ಮನೆಗೆಲಸದ ಹೆಂಗಸು ಯಾರಿಗೆ ದೂರು ಕೊಡಬೇಕು, ಎಷ್ಟು ದಿನದಲ್ಲಿ ವಿಚಾರಣೆ ಮುಗಿಯಬೇಕು ಎಂಬುದನ್ನೆಲ್ಲ ಬರೆದುಕೊಡುವುದು ತೀರ್ಪಿನ ಕೆಲಸವಲ್ಲ. 2013ರ ಕಾಯ್ದೆ ಅದನ್ನು ಬರೆಯಿತು: ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ, ಉಳಿದವರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ, ತೊಂಬತ್ತು ದಿನಗಳ ವಿಚಾರಣೆ, ತಪ್ಪಿದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ.

ಇನ್ನು ನಿಧಾನದ ಮಾತು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರ ಅಧ್ಯಕ್ಷತೆಯ ಹಿಂದೂ ಕಾನೂನು ಸಮಿತಿ 1941ರಲ್ಲಿ ಶುರುವಾಗಿ, 1944ರಲ್ಲಿ ಮತ್ತೆ ಜೀವ ಪಡೆದು, ಊರಿಂದೂರಿಗೆ ಹೋಗಿ ಪಂಡಿತರಿಂದ ಹಿಡಿದು ಮಹಿಳಾ ಸಂಘಗಳವರೆಗೆ ಸಾಕ್ಷ್ಯ ಕೇಳಿ, 1947ರಲ್ಲಿ ವರದಿ ಒಪ್ಪಿಸಿತು. ಅದರಿಂದ ಹುಟ್ಟಿದ ಹಿಂದೂ ಕೋಡ್ ಮಸೂದೆಯನ್ನು ಅಂಬೇಡ್ಕರ್ ಹೊತ್ತು ಮೂರು ವರ್ಷ ಹೋರಾಡಿ, ಅದು ಕೈಗೂಡದೆ ಹೋದ ನೋವಿನಲ್ಲಿ 1951ರ ಸೆಪ್ಟೆಂಬರಿನಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಅವರ ರಾಜೀನಾಮೆಗೆ ಇದ್ದ ಕಾರಣಗಳಲ್ಲಿ ಇದೂ ಮುಖ್ಯವಾದದ್ದು. ಅದೇ ಮಸೂದೆ ಚುನಾವಣೆಯ ನಂತರ ನಾಲ್ಕು ಭಾಗವಾಗಿ 1955–56ರಲ್ಲಿ ಕಾಯ್ದೆಯಾಯಿತು. ಹದಿನೈದು ವರ್ಷ ಎನ್ನುವುದು ಕಡಿಮೆ ಕಾಲವಲ್ಲ. ಆದರೆ ಅಂದು ಹಿಂದೂ ಧರ್ಮವೇ ಮುಳುಗಿತೆಂದು ಬೀದಿಗಿಳಿದವರ ಮೊಮ್ಮಕ್ಕಳಲ್ಲಿ ಎರಡನೆಯ ಮದುವೆಯ ಹಕ್ಕು ವಾಪಸು ಕೊಡಿ ಎನ್ನುವವರನ್ನು ನಾನು ಕಂಡಿಲ್ಲ. ಚುನಾವಣೆಗೆ ಹೋಗಿ ಬಂದ ಕಾನೂನಿಗೆ ಬರುವ ಗಟ್ಟಿತನ ಅದು.

ಪ್ರಶ್ನೆ: ನಮ್ಮೂರಿನ ಸವಿತಾ ಹಾಲಪ್ಪನವರ್ ಐರ್ಲೆಂಡಿನಲ್ಲಿ ತೀರಿಕೊಂಡಾಗ ನಾನು ಪಿಯುಸಿಯಲ್ಲಿದ್ದೆ. ಈಗ ಅಮೆರಿಕದಲ್ಲಿ ಗರ್ಭಪಾತದ ಹಕ್ಕನ್ನೇ ಕಿತ್ತುಕೊಂಡಿದ್ದಾರೆ. ಈ ಎರಡು ದೇಶಗಳ ಕಥೆಯಿಂದ ನಿಮ್ಮ ವಾದಕ್ಕೆ ಬೆಂಬಲ ಸಿಗುತ್ತದೆಯೇ, ಇಲ್ಲವೇ?
– ಬೆಳಗಾವಿಯ ಓದುಗರು

ಉತ್ತರ: ನಿಮ್ಮ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ಮಟ್ಟಿಗೆ ಈ ವಾದ ಪುಸ್ತಕದಿಂದ ಹೊರಬಂದದ್ದು ಆ ಸಾವಿನಿಂದಲೇ.

ಐರ್ಲೆಂಡ್ 1983ರಲ್ಲಿ ಜನಮತ ಸಂಗ್ರಹದ ಮೂಲಕ ತನ್ನ ಸಂವಿಧಾನಕ್ಕೆ ಎಂಟನೆಯ ತಿದ್ದುಪಡಿ ತಂದು, ಹುಟ್ಟದ ಮಗುವಿಗೆ ತಾಯಿಗಿರುವಷ್ಟೇ ಜೀವಿಸುವ ಹಕ್ಕಿದೆ ಎಂದು ಬರೆದುಕೊಂಡಿತು. 1992ರಲ್ಲಿ, ಅತ್ಯಾಚಾರಕ್ಕೆ ತುತ್ತಾದ ಹದಿನಾಲ್ಕು ವರ್ಷದ ಹುಡುಗಿಯ ಪ್ರಕರಣದಲ್ಲಿ, ತಾಯಿಯ ಜೀವಕ್ಕೇ ನಿಜವಾದ ಅಪಾಯವಿದ್ದರೆ ಗರ್ಭಪಾತ ಕಾನೂನುಬದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನೆನಪಿಡಿ, ಹಕ್ಕು ತೀರ್ಪಿನಲ್ಲಿ ಸಿಕ್ಕಿತ್ತು. ಸಿಗದೆ ಹೋದದ್ದು ಕಾಯ್ದೆ. ಅಪಾಯ ಎಷ್ಟಿದ್ದರೆ ಸಾಕು, ಅದನ್ನು ಎಷ್ಟು ಮಂದಿ ವೈದ್ಯರು ನಿರ್ಧರಿಸಬೇಕು, ತಪ್ಪಾದರೆ ವೈದ್ಯರ ಗತಿಯೇನು ಎಂಬುದನ್ನು ಬರೆಯುವ ಧೈರ್ಯ ಒಂದಾದ ಮೇಲೊಂದು ಬಂದ ಯಾವ ಸರಕಾರಕ್ಕೂ ಬರಲಿಲ್ಲ. ಇಂಥ ವ್ಯವಸ್ಥೆ ಇಲ್ಲದಿರುವುದೇ ತಪ್ಪು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಹೇಳಿತು. ಆಗಲೂ ಕಾಯ್ದೆ ಬರಲಿಲ್ಲ. 2012ರ ಅಕ್ಟೋಬರಿನಲ್ಲಿ ಹದಿನೇಳು ವಾರಗಳ ಬಸುರಿ, ಮೂವತ್ತೊಂದು ವರ್ಷದ ದಂತವೈದ್ಯೆ ಸವಿತಾ, ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೆ ಅದನ್ನು ತೆಗೆದುಬಿಡಿ ಎಂದು ಗಾಲ್ವೇ ನಗರದ ಆಸ್ಪತ್ರೆಯಲ್ಲಿ ಕೇಳಿಕೊಂಡರು. ಭ್ರೂಣದ ಎದೆ ಬಡಿತ ಇನ್ನೂ ಕೇಳಿಸುತ್ತಿತ್ತು. ಅವರ ಕೋರಿಕೆ ಈಡೇರಲಿಲ್ಲ. ನಂಜು ಮೈಗೇರಿ 28ರಂದು ತೀರಿಕೊಂಡರು. ಇಪ್ಪತ್ತು ವರ್ಷದ ಹಳೆಯ ತೀರ್ಪು ಕಪಾಟಿನಲ್ಲಿತ್ತು, ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರ ಕೈಯಲ್ಲಿ ಕಾಯ್ದೆಯಿರಲಿಲ್ಲ.

ಆಮೇಲೆ ಆದದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. 2013ರಲ್ಲಿ ಒಂದು ಇಕ್ಕಟ್ಟಾದ ಕಾಯ್ದೆ ಬಂತು. 2016ರಲ್ಲಿ ತೊಂಬತ್ತೊಂಬತ್ತು ಮಂದಿ ಸಾಮಾನ್ಯ ನಾಗರಿಕರನ್ನು ಆರಿಸಿ, ಒಬ್ಬ ನ್ಯಾಯಮೂರ್ತಿಯನ್ನು ಅಧ್ಯಕ್ಷರನ್ನಾಗಿಸಿ ಕೂರಿಸಿದರು. ಅವರು ವೈದ್ಯರ, ಧರ್ಮಶಾಸ್ತ್ರಜ್ಞರ, ಗರ್ಭಪಾತಕ್ಕಾಗಿ ಇಂಗ್ಲೆಂಡಿಗೆ ಹೋಗಿ ಬಂದ ಹೆಂಗಸರ ಮಾತು ಕೇಳಿ ತಿಂಗಳುಗಟ್ಟಲೆ ಚರ್ಚಿಸಿದರು. ಅವರ ಶಿಫಾರಸು ಸಂಸತ್ತಿನ ಸಮಿತಿಗೆ, ಅಲ್ಲಿಂದ ಜನರ ಮುಂದಕ್ಕೆ ಹೋಯಿತು. 2018ರ ಮೇ 25ರಂದು ಶೇಕಡಾ 66.4ರಷ್ಟು ಮತದಾರರು ಎಂಟನೆಯ ತಿದ್ದುಪಡಿಯನ್ನು ತೆಗೆದುಹಾಕಿದರು. ಬೆಳಗಾವಿಯಿಂದ ಸವಿತಾ ಅವರ ತಂದೆ ಆ ಜನರಿಗೆ ಮನವಿ ಮಾಡಿಕೊಂಡಿದ್ದರು ಎಂಬುದು ನಿಮಗೆ ನೆನಪಿರಬಹುದು. 2019ರ ಆರಂಭದಿಂದ ಹೊಸ ಕಾಯ್ದೆ ನಡೆಯುತ್ತಿದೆ.

ಅಮೆರಿಕದಲ್ಲಿ ದಾರಿ ತಿರುಗುಮುರುಗು. 1970ರ ಹೊತ್ತಿಗೆ ನ್ಯೂಯಾರ್ಕ್, ಹವಾಯಿಯಂಥ ನಾಲ್ಕು ರಾಜ್ಯಗಳು ಗರ್ಭಪಾತದ ನಿಷೇಧವನ್ನು ತಾವಾಗಿಯೇ ಸಡಿಲಿಸಿದ್ದವು. 1973ರಲ್ಲಿ ರೋ ಪ್ರಕರಣದ ತೀರ್ಪು ಒಮ್ಮೆಗೇ ಇಡೀ ದೇಶಕ್ಕೆ ಹಕ್ಕು ಕೊಟ್ಟಿತು. ಹೆಣ್ಣಿನ ಸಮಾನತೆಗಾಗಿ ಜೀವಮಾನವಿಡೀ ಹೋರಾಡಿದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರೇ, ಆ ತೀರ್ಪು ತೀರ ದೂರಕ್ಕೆ, ತೀರ ಬೇಗ ಹೋಯಿತೆಂದು ಹಲವು ಸಲ ಹೇಳಿದ್ದರು. ಆ ಹಕ್ಕನ್ನು ವಿರೋಧಿಸುವವರು ಐವತ್ತು ವರ್ಷ ನ್ಯಾಯಾಧೀಶರ ನೇಮಕದ ಮೇಲೆಯೇ ಕಣ್ಣಿಟ್ಟರು. ದೇಶಕ್ಕೆಲ್ಲ ಅನ್ವಯಿಸುವ ಕಾಯ್ದೆಯೊಂದು ಅಮೆರಿಕದ ಸಂಸತ್ತಿನಿಂದ ಹೊರಬರಲೇ ಇಲ್ಲ. 2022ರ ಜೂನ್ 24ರಂದು ಅದೇ ನ್ಯಾಯಾಲಯ ತಾನು ಕೊಟ್ಟದ್ದನ್ನು ತಾನೇ ಹಿಂದಕ್ಕೆ ಪಡೆಯಿತು.

ನಮ್ಮಲ್ಲಿ 1964ರಲ್ಲಿ ನೇಮಕವಾದ ಶಾಂತಿಲಾಲ್ ಶಾ ಸಮಿತಿ 1966ರಲ್ಲಿ ವರದಿ ಕೊಟ್ಟು, 1971ರಲ್ಲಿ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯ್ದೆಯನ್ನು ಅಂಗೀಕರಿಸಿತು. ಜನಸಂಖ್ಯೆ ನಿಯಂತ್ರಣದ ಆತುರ ಅದರ ಹಿಂದೆ ಇತ್ತು, ಹೆಣ್ಣಿನ ಇಚ್ಛೆಗಿಂತ ವೈದ್ಯರ ಅಭಿಪ್ರಾಯಕ್ಕೆ ಅದು ಇಂದಿಗೂ ಹೆಚ್ಚು ಬೆಲೆ ಕೊಡುತ್ತದೆ, ಇವೆರಡೂ ನಿಜ. ಆದರೂ ಅರ್ಧ ಶತಮಾನ ಆ ಕಾಯ್ದೆ ನಿಂತಿದೆ. 2021ರಲ್ಲಿ ಸಂಸತ್ತೇ ಅದನ್ನು ಹಿಗ್ಗಿಸಿ ಕೆಲವು ವರ್ಗದ ಮಹಿಳೆಯರಿಗೆ ಇಪ್ಪತ್ತನಾಲ್ಕು ವಾರಗಳವರೆಗೆ ಅವಕಾಶ ಕೊಟ್ಟಿತು, ‘ಗಂಡ’ ಎಂದಿದ್ದ ಕಡೆ ‘ಸಂಗಾತಿ’ ಎಂದು ಬರೆಯಿತು. ಆ ಪದವನ್ನು ಆಧಾರವಾಗಿಟ್ಟುಕೊಂಡು ಸುಪ್ರೀಂ ಕೋರ್ಟ್ 2022ರಲ್ಲಿ ಅವಿವಾಹಿತೆಯರಿಗೂ ಅದೇ ಅವಕಾಶವಿದೆಯೆಂದು ಹೇಳಿತು. ನನಗೆ ಹಿಡಿಸುವ ಕ್ರಮ ಇದು: ಶಾಸನಸಭೆ ಬರೆಯುವುದು, ನ್ಯಾಯಾಲಯ ಅದನ್ನು ಉದಾರವಾಗಿ ಓದುವುದು.

ಪ್ರಶ್ನೆ: ಶಾಸನಸಭೆ ವೋಟಿಗೆ ಹೆದರುತ್ತದೆ. 1986ರಲ್ಲಿ ಶಾ ಬಾನು ಅವರಿಗೆ ಕೋರ್ಟು ಕೊಟ್ಟದ್ದನ್ನು ಸಂಸತ್ತು ಕಿತ್ತುಕೊಂಡಿತು. ಒಬ್ಬ ಮುಸ್ಲಿಂ ಹೆಣ್ಣುಮಗಳಾಗಿ ಕೇಳುತ್ತೇನೆ, ನಾವು ಯಾರನ್ನು ನಂಬಬೇಕು?
– ಕಲಬುರಗಿಯ ಓದುಗರು

ಉತ್ತರ: 1986ರ ಕಾಯ್ದೆಯ ಪರವಾಗಿ ನನ್ನ ಬಳಿ ಒಂದು ಮಾತೂ ಇಲ್ಲ. ತಿಂಗಳಿಗೆ 179 ರೂಪಾಯಿ 20 ಪೈಸೆಯ ಜೀವನಾಂಶಕ್ಕಾಗಿ ಒಬ್ಬ ವೃದ್ಧೆ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 1985ರ ಏಪ್ರಿಲ್‌ನಲ್ಲಿ ಗೆದ್ದರು. ವರ್ಷ ಕಳೆಯುತ್ತಲೇ, 1986ರ ಮೇ ತಿಂಗಳಲ್ಲಿ, ಗಂಡನ ಹೊಣೆಯನ್ನು ಇದ್ದತ್ ಅವಧಿಗೆ, ಅಂದರೆ ತಲಾಕಿನ ನಂತರ ಹೆಂಡತಿ ಕಾಯಬೇಕಾದ ಸುಮಾರು ಮೂರು ತಿಂಗಳಿಗೆ, ಸೀಮಿತಗೊಳಿಸುವಂತೆ ತೋರುವ ಕಾಯ್ದೆ ಬಂತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಓದಿದ ರೀತಿಯಿಂದ, ಆ ಅವಧಿಯೊಳಗೇ ಅವಳ ಮುಂದಿನ ಬಾಳಿಗೂ ಸಾಕಾಗುವಷ್ಟು ಏರ್ಪಾಡನ್ನು ಗಂಡ ಮಾಡಬೇಕೆಂದಾಯಿತು. ಸಾಮಾನ್ಯ ಜೀವನಾಂಶದ ಕಲಮೂ ನಿಮಗೆ ಲಭ್ಯವೆಂದು 2024ರ ಜುಲೈನಲ್ಲಿ ಮತ್ತೊಂದು ಪೀಠ ಸ್ಪಷ್ಟಪಡಿಸಿದೆ.

ನನ್ನ ವಾದ ಶಾಸನಸಭೆ ಒಳ್ಳೆಯದು ಎಂಬುದಲ್ಲ. ಅದು ಎಲ್ಲರನ್ನೂ ಕೇಳಿ ನಡೆದಾಗ ಮಾತ್ರ ಅದರ ಕಾನೂನಿಗೆ ನ್ಯಾಯಾಲಯದ ತೀರ್ಪಿಗಿಲ್ಲದ ಬಲ ಬರುತ್ತದೆ ಎಂಬುದು. 1986ರಲ್ಲಿ ಗದ್ದಲ ಎಬ್ಬಿಸಿದವರನ್ನು ಕೇಳಿದರು, ತಲಾಕ್ ಆದ ಹೆಂಗಸರನ್ನು ಕೇಳಲಿಲ್ಲ. ಇದೇ ದೋಷ ಇತ್ತೀಚೆಗೂ ಮರುಕಳಿಸಿದೆ. ತ್ರಿವಳಿ ತಲಾಕನ್ನು 2017ರ ಆಗಸ್ಟಿನಲ್ಲಿ ಮೂರು-ಎರಡರ ಬಹುಮತದಿಂದ ಕೋರ್ಟು ಅಸಿಂಧುಗೊಳಿಸಿತು. 2019ರಲ್ಲಿ ಸಂಸತ್ತು ಅದನ್ನು ಮೂರು ವರ್ಷದವರೆಗಿನ ಸೆರೆವಾಸದ ಅಪರಾಧವಾಗಿಸಿತು. ಮಸೂದೆಯನ್ನು ಆಯ್ಕೆ ಸಮಿತಿಗೆ ಕಳಿಸಿ ಎಂಬ ಬೇಡಿಕೆ ರಾಜ್ಯಸಭೆಯಲ್ಲಿ ಸೋತಿತು. ಗಂಡ ಜೈಲಿಗೆ ಹೋದರೆ ಮನೆಗೆ ಅಕ್ಕಿ ತರುವವರಾರು ಎಂಬ ಪ್ರಶ್ನೆಯನ್ನು ಸಮಿತಿಯ ಮುಂದೆ ಕುಳಿತು ಹೇಳಬೇಕಾಗಿದ್ದವರು ನಿಮ್ಮಂಥವರು.

ಹಾಗಾಗಿ ನಾನು ಗೆರೆ ಎಳೆಯುವುದು ಇಲ್ಲಿ. ಸರಕಾರದ ಕೈ ವ್ಯಕ್ತಿಯ ಮೈಮೇಲೆ ಬಿದ್ದಿರುವಾಗ, ಅಂದರೆ ಸೆರೆಮನೆ, ಪೊಲೀಸು, ಅಸ್ಪೃಶ್ಯತೆಯ ವಿಷಯದಲ್ಲಿ, ನ್ಯಾಯಾಲಯ ಒಂದು ದಿನವೂ ಕಾಯಬಾರದು. ಅಲ್ಲಿ ಬಹುಮತದ ಒಪ್ಪಿಗೆ ಕೇಳುವುದೇ ತಪ್ಪು. ಮನೆಗಳೊಳಗೆ ಹೊಸ ಸಂಬಂಧ, ಹೊಸ ಪಾಲು, ಹೊಸ ಹೊಣೆ ಕಟ್ಟಬೇಕಾದಲ್ಲಿ ಶಾಸನಸಭೆ ಬೇಕು, ಮತ್ತು ಅದು ಕೇಳುವಂತೆ ಮಾಡುವ ಚಳವಳಿ ಬೇಕು.

ಪ್ರಶ್ನೆ: ನನ್ನ ಮಗ ಎಂಟು ವರ್ಷದಿಂದ ಇನ್ನೊಬ್ಬ ಹುಡುಗನೊಡನೆ ಸಂಸಾರ ಮಾಡುತ್ತಿದ್ದಾನೆ. ಅವರ ಮದುವೆಯ ವಿಷಯ ಸಂಸತ್ತಿಗೆ ಬಿಟ್ಟದ್ದು ಎಂದು ಸುಪ್ರೀಂ ಕೋರ್ಟು ಹೇಳಿತು. ನನಗೆ ಅರವತ್ತೆಂಟು ವರ್ಷ. ನಾನು ನೋಡುತ್ತೇನೆಯೇ?
– ಮೈಸೂರಿನ ತಾಯಿ

ಉತ್ತರ: ಅಮ್ಮಾ, ನೋಡುತ್ತೀರಿ ಎಂದು ಬರೆಯುವ ಆಸೆ ನನಗಿದೆ, ಆದರೆ ಖಂಡಿತವಾಗಿ ಹೇಳಲಾರೆ. ನಿಮ್ಮ ಮಗನನ್ನು ಅಪರಾಧಿಯೆಂದು ಕರೆಯುತ್ತಿದ್ದ 377ನೆಯ ಕಲಮಿನ ಭಾಗವನ್ನು 2018ರ ಸೆಪ್ಟೆಂಬರ್ 6ರಂದು ನ್ಯಾಯಾಲಯ ತೆಗೆದುಹಾಕಿದ್ದು ಸರಿಯಾಗಿತ್ತು. ಅದಕ್ಕೆ ಮುಂಚೆ, 2015ರ ಡಿಸೆಂಬರಿನಲ್ಲಿ, ಅದನ್ನು ತಿದ್ದುವ ಖಾಸಗಿ ಮಸೂದೆಯನ್ನು ಮಂಡಿಸಲು ಶಶಿ ತರೂರ್ ಕೇಳಿದ ಅನುಮತಿಯನ್ನೇ ಲೋಕಸಭೆ 71 ಮತಗಳಿಂದ ನಿರಾಕರಿಸಿತ್ತು, ಪರವಾಗಿ ಬಂದದ್ದು 24. ಮದುವೆಯ ಪ್ರಶ್ನೆಯಲ್ಲಿ 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳೂ ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ವಿಶೇಷ ವಿವಾಹ ಕಾಯ್ದೆಯನ್ನು ತಿದ್ದಿ ಬರೆಯುವುದು ಸಂಸತ್ತಿನ ಕೆಲಸ ಎಂದರು. ಅಂದು ನಿಮಗಾದ ನಿರಾಶೆಯನ್ನು ಕಾನೂನಿನ ತರ್ಕ ಹೇಳಿ ನಾನು ಕಡಿಮೆ ಮಾಡಲಾರೆ.

ಆದರೆ ಆ ವಿಶೇಷ ವಿವಾಹ ಕಾಯ್ದೆಯೇ ಬೆಳೆದು ಬಂದ ಬಗೆಯನ್ನು ನೋಡಿ. ಬ್ರಾಹ್ಮಸಮಾಜದವರ ಒತ್ತಾಯದಿಂದ 1872ರಲ್ಲಿ ಅದರ ಮೊದಲ ರೂಪ ಬಂದಾಗ, ನಾನು ಹಿಂದೂವಲ್ಲ, ಮುಸ್ಲಿಮನಲ್ಲ, ಕ್ರೈಸ್ತನಲ್ಲ ಎಂದು ವಧೂವರರು ಘೋಷಿಸಬೇಕಾಗಿತ್ತು. 1923ರಲ್ಲಿ ಅದು ತುಸು ಸಡಿಲವಾಯಿತು. ಧರ್ಮ ಬಿಡದೆಯೇ ಜಾತಿಮತದಾಚೆಗೆ ಯಾರು ಯಾರನ್ನಾದರೂ ಮದುವೆಯಾಗಬಹುದು ಎಂದಾದದ್ದು 1954ರಲ್ಲಿ. ನಿಮಗೆ ಎಂಬತ್ತು ವರ್ಷ ಕಾಯಿರಿ ಎಂದು ಹೇಳುತ್ತಿಲ್ಲ, ಏಕೆಂದರೆ ಈಗ ಹತ್ತಿರದ ಉದಾಹರಣೆಯಿದೆ. ಥಾಯ್ಲೆಂಡಿನ ಸಂವಿಧಾನ ನ್ಯಾಯಾಲಯ 2021ರಲ್ಲಿ ಗಂಡುಹೆಣ್ಣಿನ ಮದುವೆಯ ಕಾನೂನು ಸಂವಿಧಾನಬದ್ಧವಾಗಿದೆ ಎಂದು ಹೇಳಿ, ಉಳಿದದ್ದನ್ನು ಶಾಸಕರಿಗೆ ಬಿಟ್ಟಿತು. ಅಲ್ಲಿನ ಜನ ಅಲ್ಲಿಗೇ ನಿಲ್ಲಲಿಲ್ಲ. ಪಕ್ಷಗಳನ್ನು ಹಿಡಿದರು, ಮಸೂದೆ ಬರೆಸಿದರು. 2024ರಲ್ಲಿ ಎರಡೂ ಸದನಗಳು ಭಾರಿ ಬಹುಮತದಿಂದ ಅಂಗೀಕರಿಸಿ, 2025ರ ಜನವರಿ 23ರಿಂದ ಮದುವೆಗಳು ನೋಂದಣಿಯಾಗುತ್ತಿವೆ. ಅದನ್ನು ಕಿತ್ತುಕೊಳ್ಳಲು ಒಂದು ಪೀಠ ಬದಲಾದರೆ ಸಾಲದು.

ಸದ್ಯಕ್ಕೆ ಮಾಡಬಹುದಾದದ್ದನ್ನು ಮಾಡಿ: ಇಬ್ಬರೂ ಉಯಿಲು ಬರೆದು ನೋಂದಾಯಿಸಲಿ, ಜಂಟಿ ಖಾತೆ ತೆರೆದು ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲಿ, ಇದಕ್ಕೆ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರಲ್ಲಿ ಸ್ಪಷ್ಟಪಡಿಸಿದೆ. ಮತ್ತು ನಿಮ್ಮ ಸಂಸದರನ್ನು ಒಮ್ಮೆ ಹೋಗಿ ಕಾಣಿ. ವಕೀಲರು ನೂರು ಪುಟ ಬರೆದರೂ ಸಂಸದರಿಗೆ ತಟ್ಟದ ಮಾತು, ಸೀರೆಯುಟ್ಟು ಎದುರಿಗೆ ಕುಳಿತ ಒಬ್ಬ ತಾಯಿ ‘ನಾನು ಸತ್ತ ಮೇಲೆ ಇವನಿಗೆ ಯಾರು?’ ಎಂದು ಕೇಳಿದಾಗ ತಟ್ಟೀತು.

ಪ್ರಶ್ನೆ: ಇಂಥ ವಿಷಯಗಳಲ್ಲಿ ನಮ್ಮ ರಾಜ್ಯದ ಶಾಸನಸಭೆಗೆ ಅಧಿಕಾರವಿದೆಯೇ? ಇದ್ದರೆ ಸಾಮಾನ್ಯರಾದ ನಾವು ಅದರ ಕಿವಿಗೆ ಮಾತು ಮುಟ್ಟಿಸುವುದು ಹೇಗೆ?
– ಪುತ್ತೂರಿನ ಕಾನೂನು ವಿದ್ಯಾರ್ಥಿ

ಉತ್ತರ: ಧಾರಾಳವಾಗಿದೆ. ಮದುವೆ, ಉತ್ತರಾಧಿಕಾರಗಳು ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿವೆ. ಕೇಂದ್ರದ ಕಾಯ್ದೆಗೆ ವ್ಯತಿರಿಕ್ತವಾದರೂ ರಾಷ್ಟ್ರಪತಿಗಳ ಅಂಕಿತ ಸಿಕ್ಕರೆ ರಾಜ್ಯದ ಕಾಯ್ದೆ ಆ ರಾಜ್ಯದಲ್ಲಿ ನಡೆಯುತ್ತದೆ. ಕರ್ನಾಟಕ 1982ರಲ್ಲಿ ದೇವದಾಸಿಯಾಗಿ ಅರ್ಪಿಸುವುದನ್ನು ನಿಷೇಧಿಸಿತು. ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು 2000ದಲ್ಲಿ ನಿಷೇಧಿಸಿತು. ನಿಮ್ಮ ಜಿಲ್ಲೆಯ ಮಡೆಸ್ನಾನದ ಬಗ್ಗೆ ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದದ್ದು ನಿಮಗೆ ತಿಳಿದೇ ಇದೆ. ಊಟ ಮಾಡಿ ಬಿಟ್ಟ ಎಲೆಗಳ ಮೇಲೆ ಉರುಳುವುದು 2017ರ ಅಮಾನವೀಯ ಅನಿಷ್ಟ ಪದ್ಧತಿಗಳ ನಿಷೇಧ ಕಾಯ್ದೆಯ ಅನುಸೂಚಿಗೆ ಸೇರಿ, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. 2013ರ ಕರಡಿನಲ್ಲಿದ್ದ ಎಷ್ಟೋ ಅಂಶಗಳು ಆ ಕಾಯ್ದೆಯಲ್ಲಿ ಉಳಿಯಲಿಲ್ಲ. ಜ್ಯೋತಿಷ್ಯ, ವಾಸ್ತುಗಳು ಹೊರಗುಳಿದವು. ಇನ್ನೂ ಹೆಚ್ಚು ಬೇಕಾಗಿತ್ತು ಎಂದು ನನಗನ್ನಿಸುತ್ತದೆ. ಉಳಿದಷ್ಟನ್ನು ಎರಡೂ ಕಡೆಯವರು ಸದನದಲ್ಲಿ ಒಪ್ಪಿದ್ದರಿಂದಲೇ, ಸರಕಾರಗಳು ಬದಲಾದರೂ ಅದನ್ನು ರದ್ದುಮಾಡಿ ಎಂಬ ಕೂಗು ಏಳಲಿಲ್ಲ.

ಮಾತು ಮುಟ್ಟಿಸುವ ಬಗೆ: ಕೇಂದ್ರ ಸರಕಾರದ 2014ರ ನೀತಿಯಂತೆ ಕರಡು ಮಸೂದೆಯನ್ನು ಕನಿಷ್ಠ ಮೂವತ್ತು ದಿನ ಸಾರ್ವಜನಿಕರ ಮುಂದಿಡಬೇಕು, ಎಷ್ಟೋ ಸಲ ಇಡುವುದಿಲ್ಲ, ಇಟ್ಟಾಗ ಬರೆಯುವವರೂ ಕಡಿಮೆ. ಸಂಸದೀಯ ಸ್ಥಾಯಿ ಸಮಿತಿಗಳು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಅಭಿಪ್ರಾಯ ಕೇಳುತ್ತವೆ, ಸಾಕ್ಷ್ಯ ಹೇಳಲು ಕರೆಯುತ್ತವೆ. ಖಾಸಗಿ ಸದಸ್ಯರ ಮಸೂದೆ ಸ್ವಾತಂತ್ರ್ಯಾನಂತರ ಕಾಯ್ದೆಯಾದದ್ದು ಹದಿನಾಲ್ಕೇ ಸಲ, ಕೊನೆಯದು 1970ರಲ್ಲಿ. ಆದರೂ ವಿಷಯವನ್ನು ಸದನದ ಕಡತಕ್ಕೆ ಸೇರಿಸಲು ಅದು ಒಳ್ಳೆಯ ಬಾಗಿಲು. ನೀವು ಕಾನೂನು ವಿದ್ಯಾರ್ಥಿಯಾದ್ದರಿಂದ ನಿಮ್ಮ ಕಾಲೇಜಿನ ಗೆಳೆಯರೊಂದಿಗೆ ಒಂದು ಕೆಲಸ ಮಾಡಿ: ಮುಂದಿನ ಸಲ ಇಂಥ ಮಸೂದೆ ಪ್ರಕಟವಾದಾಗ ಅದನ್ನು ಕನ್ನಡಕ್ಕೆ ತಂದು, ಯಾರ ಬಾಳಿಗೆ ಅದು ತಾಗುತ್ತದೆಯೋ ಅವರ ಮನೆ ಬಾಗಿಲಿಗೆ ಹೋಗಿ ಓದಿ ಹೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದು ಸಮಿತಿಗೆ ಕಳುಹಿಸಿ. ಕರಡು ತಯಾರಿಸಲು ನೆರವು ಬೇಕಾದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನಾನು ಮಾಡಿಕೊಡುತ್ತೇನೆ.